ಜಾರುತ್ತಲೇ ಹಿಡಿಯುವ ಕ್ಲಚ್ಚು

ಮೋಟಾರು ಗಾಡಿ ನಡೆಸಲು ಕಲಿಯಹೊರಟವನನ್ನು ಮೊದಲ ದಿನವೇ ಕಂಗೆಡಿಸುವುದು ಕೈಯಲ್ಲಿರುವ ಸ್ಟಿಯರಿಂಗ್ ಚಕ್ರವಲ್ಲ, ಬಲಗಾಲಿನ ಬ್ರೇಕೂ ಅಲ್ಲ. ಎಡಗಾಲಿನ ಕೆಳಗಿರುವ ಕ್ಲಚ್ಚು. ಕಾಲನ್ನು ಬೇಗನೆ ಎತ್ತಿದರೆ ಗಾಡಿ ಕಪ್ಪೆಯಂತೆ ಮುಂದಕ್ಕೆ ಕುಪ್ಪಳಿಸಿ ನಿಂತುಬಿಡುತ್ತದೆ. ಎತ್ತಲು ಹಿಂಜರಿದರೆ ಎಂಜಿನು ಅಬ್ಬರಿಸುತ್ತದೆ, ಗಾಡಿ ಮಾತ್ರ ಇದ್ದಲ್ಲೇ ಇರುತ್ತದೆ. ಕೆಲವು ದಿನಗಳಲ್ಲಿ ಕಾಲಿಗೆ ಹದ ತಿಳಿಯುತ್ತದೆ. ಹದ ತಿಳಿದ ಮೇಲೆ ಕ್ಲಚ್ಚೆಂಬುದೊಂದು ಇದೆಯೆಂಬುದೇ ಮರೆತುಹೋಗುತ್ತದೆ. ವರ್ಷಗಟ್ಟಲೆ ಗಾಡಿ ಓಡಿಸಿದವರಲ್ಲಿಯೂ ಆ ಪೆಡಲಿನಾಚೆಗೆ ಏನು ನಡೆಯುತ್ತದೆಂಬುದನ್ನು ಬಲ್ಲವರು ವಿರಳ. ಅರಿಯದುದಕ್ಕೆ ತೆರಬೇಕಾದ ದಂಡವಾದರೋ ಸಣ್ಣದಲ್ಲ.

ಕ್ಲಚ್ಚು ಏಕೆ ಬೇಕೆಂಬುದನ್ನು ತಿಳಿಯಲು ಎತ್ತಿನ ಗಾಡಿಯನ್ನು ನೆನೆದರೆ ಸಾಕು. ನೊಗಕ್ಕೆ ಕಟ್ಟಿದ ಎತ್ತು ನಿಂತ ನಿಲುವಿನಲ್ಲಿಯೇ ಹೆಗಲು ಕೊಟ್ಟು ಎಳೆಯಬಲ್ಲುದು. ಉಗಿಯ ಎಂಜಿನಿಗೂ ಈ ಗುಣವಿತ್ತು. ಆದುದರಿಂದಲೇ ಉಗಿಬಂಡಿಯನ್ನು ನಡೆಸುವವನಿಗೆ ಕ್ಲಚ್ಚಿನ ಹಂಗಿರಲಿಲ್ಲ. ಪೆಟ್ರೋಲು, ಡೀಸೆಲು ಎಂಜಿನುಗಳ ಸ್ವಭಾವ ಬೇರೆ. ತಾವು ತಿರುಗುತ್ತಿದ್ದರೆ ಮಾತ್ರ ಅವು ಬಲ ಕೊಡಬಲ್ಲವು. ಗಾಡಿ ಹೊರಡುವ ಮೊದಲೇ ಕಾರಿನ ಎಂಜಿನು ನಿಮಿಷಕ್ಕೆ ಸುಮಾರು 800 ಸುತ್ತು ತಿರುಗುತ್ತಿರಬೇಕು. ಅದಕ್ಕಿಂತ ತೀರ ಕೆಳಗಿಳಿದರೆ ನಿಂತೇ ಹೋಗುತ್ತದೆ. ಅತ್ತ ತಿರುಗುತ್ತಿರುವ ಎಂಜಿನು, ಇತ್ತ ಅಲುಗದೆ ನಿಂತಿರುವ ಗಾಲಿ. ಇವೆರಡನ್ನೂ ಒಮ್ಮೆಲೇ ಬಿಗಿದರೆ ಒಂದೋ ಎಂಜಿನು ನಿಲ್ಲಬೇಕು, ಇಲ್ಲವೇ ನಡುವಿನ ಯಾವುದಾದರೊಂದು ಭಾಗ ಮುರಿಯಬೇಕು.

ಈ ಇಕ್ಕಟ್ಟನ್ನು ಬಿಡಿಸುವುದೇ ಕ್ಲಚ್ಚಿನ ಕೆಲಸ. ಅದರ ಮರ್ಮವನ್ನು ಬೀಸುವ ಕಲ್ಲಿನಿಂದ ತಿಳಿಯಬಹುದು. ಬೀಸುವ ಕಲ್ಲಿನಲ್ಲಿ ಮೇಲಿನದು ತಿರುಗುತ್ತದೆ, ಕೆಳಗಿನದು ಕದಲದೆ ಕುಳಿತಿರುತ್ತದೆ. ಕೆಳಗಿನ ಕಲ್ಲಿಗೂ ತಿರುಗುವ ಸ್ವಾತಂತ್ರ್ಯವಿದ್ದು, ಮೇಲಿನದನ್ನು ಅದರ ಮೇಲೆ ಬಲವಾಗಿ ಒತ್ತಿದರೆ ಏನಾದೀತು? ಮೊದಲು ಒಂದಷ್ಟು ತಿಕ್ಕಾಡಿ, ಬಳಿಕ ಕೆಳಗಿನದೂ ಮೇಲಿನದರೊಡನೆ ಸುತ್ತತೊಡಗುತ್ತದೆ. ಕಾರಿನಲ್ಲಿ ಮೇಲಿನ ಕಲ್ಲಿನ ಸ್ಥಾನದಲ್ಲಿರುವುದು ಎಂಜಿನಿನ ತುದಿಗೆ ಬಿಗಿದ ಫ್ಲೈವೀಲ್ ಎಂಬ ಭಾರವಾದ ಚಕ್ರ. ಅದಕ್ಕೆದುರಾಗಿ, ಗೇರುಪೆಟ್ಟಿಗೆಯೊಳಕ್ಕೆ ಹೋಗುವ ಷಾಫ್ಟಿನ ಮೇಲೆ, ಎರಡು ಮುಖಕ್ಕೂ ಒರಟು ಪಟ್ಟಿ ಹೊದಿಸಿದ ತೆಳುವಾದ ಬಿಲ್ಲೆಯೊಂದಿದೆ. ಗ್ಯಾರೇಜಿನವರು ಕ್ಲಚ್ ಪ್ಲೇಟ್ ಎನ್ನುವುದು ಇದನ್ನೇ. ಇದರ ಬೆನ್ನಿಗೆ ಪ್ರೆಷರ್ ಪ್ಲೇಟ್. ಬಲವಾದ ಸ್ಪ್ರಿಂಗುಗಳು ಪ್ರೆಷರ್ ಪ್ಲೇಟನ್ನು ಸದಾ ಒತ್ತುತ್ತ, ಕ್ಲಚ್ ಪ್ಲೇಟನ್ನು ಫ್ಲೈವೀಲಿಗೆ ಅದುಮಿ ಹಿಡಿದಿರುತ್ತವೆ. ಪೆಡಲನ್ನು ತುಳಿದಾಗ ಈ ಹಿಡಿತ ಸಡಿಲಿ ಎಂಜಿನು ಬೇರೆ, ಗಾಲಿ ಬೇರೆ ಆಗುತ್ತವೆ. ಅಂದರೆ ಚಾಲಕನ ಕಾಲು ಕ್ಲಚ್ಚನ್ನು ಹಿಡಿಸುವುದಲ್ಲ, ಬಿಡಿಸುವುದು. ಹಿಡಿಯುವ ಕೆಲಸ ಸ್ಪ್ರಿಂಗುಗಳದು.

ಪೆಡಲನ್ನು ಮೆಲ್ಲಗೆ ಬಿಡುವಾಗ, ಪೂರ್ತಿ ಹಿಡಿಯುವ ಮುನ್ನ, ಪ್ಲೇಟು ಕ್ಷಣಕಾಲ ಜಾರುತ್ತದೆ. ಆ ಜಾರುವಿಕೆಯಲ್ಲಿಯೇ ಕ್ಲಚ್ಚಿನ ಸಾರ್ಥಕತೆ ಇದೆ. ಗಾಡಿ ಕುಲುಕದೆ ಹೊರಡುವುದು ಅದರ ಫಲ. ಆದರೆ ಅದು ಪುಕ್ಕಟೆಯಾಗಿ ದೊರೆಯುವುದಿಲ್ಲ. ಸಮತಟ್ಟಾದ ದಾರಿಯಲ್ಲಿ ಎಂಜಿನು ಒಂದೇ ವೇಗದಲ್ಲಿದ್ದು ಗಾಡಿ ಹೊರಟಿತೆನ್ನೋಣ. ಆಗ ಕ್ಲಚ್ಚಿಗೆ ಬಂದ ಶಕ್ತಿಯಲ್ಲಿ ಅರ್ಧದಷ್ಟು ಮಾತ್ರ ಗಾಡಿಯ ಓಟವಾಗುತ್ತದೆ. ಉಳಿದರ್ಧ ಶಾಖವಾಗಿ ಪ್ಲೇಟಿನ ಮೈ ಸುಡುತ್ತದೆ. ಪ್ರತಿ ಸಲವೂ ಒರಟು ಪಟ್ಟಿ ಒಂದಿಷ್ಟು ಸವೆಯುತ್ತದೆ. ಕ್ಲಚ್ಚಿನ ಇತಿಹಾಸವೆಲ್ಲ ಈ ಶಾಖವನ್ನೂ ಸವೆತವನ್ನೂ ತಾಳಿಕೊಳ್ಳುವ ಉಪಾಯಗಳ ಇತಿಹಾಸ.

ಮೊದಮೊದಲ ಕಾರುಗಳಲ್ಲಿದ್ದುದು ಶಂಕುವಿನಾಕಾರದ ಕ್ಲಚ್ಚು. ಒಂದು ಲೋಟದೊಳಗೆ ಇನ್ನೊಂದು ಲೋಟ ಸಿಕ್ಕಿಕೊಳ್ಳುವಂತೆ, ಚರ್ಮ ಹೊದಿಸಿದ ಶಂಕು ಫ್ಲೈವೀಲಿನ ಕುಳಿಯೊಳಗೆ ಬಿಗಿಯಾಗಿ ಕೂರುತ್ತಿತ್ತು. ಚರ್ಮ ಒಣಗಿದರೆ ತಟಕ್ಕನೆ ಹಿಡಿದು ಗಾಡಿ ಜಿಗಿಯುತ್ತಿತ್ತು. ಎಣ್ಣೆ ಹೆಚ್ಚಾದರೆ ಹಿಡಿಯುತ್ತಲೇ ಇರಲಿಲ್ಲ. ಚರ್ಮಕ್ಕಿಂತ ಗಟ್ಟಿಯಾದ ವಸ್ತುವಿನ ಹುಡುಕಾಟದಲ್ಲಿ ಇಂಗ್ಲೆಂಡಿನ ಹರ್ಬರ್ಟ್ ಫ್ರೂಡನ ಹೆಸರು ದೊಡ್ಡದು. ಬಂಡಿ ಹೊಡೆಯುವವರು ಇಳಿಜಾರಿನಲ್ಲಿ ಮರದ ಬ್ರೇಕಿಗೆ ಹಳೆಯ ಬೂಟುಗಳನ್ನು ಜಡಿದುಕೊಳ್ಳುತ್ತಿದ್ದುದನ್ನು ಕಂಡು ಆತನಿಗೆ ಹೊಸ ಯೋಚನೆ ಹೊಳೆಯಿತೆಂದು ಹೇಳುತ್ತಾರೆ. 1897ರಲ್ಲಿ ಆತ ಬ್ರೇಕಿನ ಪಟ್ಟಿಗಳ ತಯಾರಿಕೆಗೆ ತೊಡಗಿದ. ಕೆಲವು ವರ್ಷಗಳಲ್ಲಿ ಕಲ್ನಾರಿನ ಪಟ್ಟಿ ಬಂದಿತು. ಬೆಂಕಿಗೆ ಬೆದರದ ಕಲ್ನಾರು ಬ್ರೇಕಿಗೂ ಕ್ಲಚ್ಚಿಗೂ ಬಹುಕಾಲ ಆಧಾರವಾಗಿತ್ತು.

ಸವೆದ ಪಟ್ಟಿ ಮಾಯವಾಗುವುದಿಲ್ಲ. ಧೂಳಾಗಿ ಕ್ಲಚ್ಚಿನ ಗೂಡಿನಲ್ಲಿಯೇ ಉಳಿಯುತ್ತದೆ. ಗೂಡು ಬಿಚ್ಚಿದ ಮೆಕ್ಯಾನಿಕ್ಕು ಆ ಧೂಳನ್ನು ಬಾಯಿಂದಲೋ ಗಾಳಿಯ ಪೈಪಿನಿಂದಲೋ ಊದಿದರೆ ಅದು ಸೇರುವುದು ಅವನದೇ ಶ್ವಾಸಕೋಶವನ್ನು. ಕಲ್ನಾರಿನ ಎಲ್ಲ ಬಗೆಗಳೂ ಕ್ಯಾನ್ಸರಿಗೆ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿದೆ. ರೋಗ ತಲೆದೋರುವುದು ಹಲವು ದಶಕಗಳ ಅನಂತರ. ಈಚಿನ ಪಟ್ಟಿಗಳಲ್ಲಿ ಗಾಜಿನ ಎಳೆ, ತಾಮ್ರದ ತಂತಿ, ರಾಳ ಮೊದಲಾದುವು ಕಲ್ನಾರಿನ ಸ್ಥಾನವನ್ನು ಹಿಡಿದಿವೆ. ಆದರೂ ಕೈಯಲ್ಲಿರುವ ಹಳೆಯ ಪ್ಲೇಟು ಯಾವ ಬಗೆಯದೆಂದು ಕಣ್ಣಿಗೆ ಕಾಣುವುದಿಲ್ಲ. ಊದದೆ, ಒದ್ದೆ ಬಟ್ಟೆಯಿಂದ ಒರೆಸುವುದೇ ವಿವೇಕ.

ಕಾರು, ಬಸ್ಸು, ಲಾರಿಗಳಲ್ಲಿ ದೊಡ್ಡದೊಂದು ಪ್ಲೇಟಿಗೆ ಸ್ಥಳವುಂಟು. ಮೋಟಾರ್ ಸೈಕಲಿನಲ್ಲಿ ಅಷ್ಟು ಎಡೆಯಿಲ್ಲ. ಆದುದರಿಂದ ಅಲ್ಲಿ ಸಣ್ಣ ಸಣ್ಣ ಪ್ಲೇಟುಗಳನ್ನು ದೋಸೆಗಳಂತೆ ಒಂದರ ಮೇಲೊಂದು ಪೇರಿಸುತ್ತಾರೆ. ಒಂದು ಪ್ಲೇಟಿಗೆ ತಿಕ್ಕುವ ಮುಖಗಳು 2. ಉಕ್ಕಿನ ಬಿಲ್ಲೆಗಳ ನಡುವೆ 5 ಪ್ಲೇಟುಗಳಿದ್ದರೆ 10. ಮುಖಗಳು ಹೆಚ್ಚಿದಂತೆ ಹಿಡಿತವೂ ಹೆಚ್ಚುತ್ತದೆ. ಇವು ಸಾಮಾನ್ಯವಾಗಿ ಎಣ್ಣೆಯಲ್ಲಿ ಮುಳುಗಿರುತ್ತವೆ; ಎಣ್ಣೆ ಹಿಡಿತವನ್ನು ತುಸು ತಗ್ಗಿಸಿದರೂ ಶಾಖವನ್ನು ಹೊತ್ತೊಯ್ಯುತ್ತದೆ. ಹಿಂದಿನ ಬಜಾಜ್ ಚೇತಕ್ ಸ್ಕೂಟರಿನ ಎಡಗೈ ಅದುಮುತ್ತಿದ್ದುದು ಇಂಥ ಕ್ಲಚ್ಚನ್ನೇ.

ಹಾಗಾದರೆ ಗೇರಿಲ್ಲದ ಸ್ಕೂಟರುಗಳಲ್ಲಿ ಕ್ಲಚ್ಚು ಇಲ್ಲವೇ? ಇದೆ, ಅದು ತಾನೇ ಕೆಲಸ ಮಾಡಿಕೊಳ್ಳುತ್ತದೆ. ಜಾತ್ರೆಯ ತೊಟ್ಟಿಲು ವೇಗವಾಗಿ ತಿರುಗಿದಾಗ ಕುರ್ಚಿಗಳು ಹೊರಕ್ಕೆ ಚಾಚಿಕೊಳ್ಳುವುದನ್ನು ವಾಚಕರು ಕಂಡಿರಬಹುದು. ಅಂತೆಯೇ ಎಂಜಿನಿನ ವೇಗ ಏರಿದಾಗ ಕ್ಲಚ್ಚಿನೊಳಗಿನ ತೂಕದ ತುಂಡುಗಳು ಹೊರಕ್ಕೆ ಸರಿದು, ಸುತ್ತಲಿನ ಡ್ರಮ್ಮಿಗೆ ಒತ್ತಿ, ಗಾಲಿಯನ್ನು ತಿರುಗಿಸುತ್ತವೆ. ವೇಗ ಇಳಿದಾಗ ಸ್ಪ್ರಿಂಗುಗಳು ಅವನ್ನು ಒಳಕ್ಕೆಳೆಯುತ್ತವೆ. 1958ರಲ್ಲಿ ಜಪಾನಿನಲ್ಲಿ ಬಂದ ಹೋಂಡಾ ಸೂಪರ್ ಕಬ್‌ನಲ್ಲಿ ಗೇರುಗಳಿದ್ದರೂ ಕೈಯಿಂದ ಹಿಡಿಯುವ ಕ್ಲಚ್ಚು ಇರಲಿಲ್ಲ. ಊಟದ ತಟ್ಟೆಗಳನ್ನು ಹೊತ್ತು ಮನೆಮನೆಗೆ ತಲುಪಿಸುವ ಹುಡುಗರು ಒಂದೇ ಕೈಯಲ್ಲಿ ಗಾಡಿ ಓಡಿಸುವಂತಾಗಬೇಕೆಂಬುದು ಅದನ್ನು ರೂಪಿಸಿದವರ ಇಂಗಿತವಾಗಿತ್ತೆನ್ನುತ್ತಾರೆ.

ಇವೆಲ್ಲವೂ ಘನವಸ್ತುಗಳ ತಿಕ್ಕಾಟವನ್ನು ನೆಚ್ಚಿದಂಥವು. ಜರ್ಮನಿಯ ಹರ್ಮನ್ ಫೊಟ್ಟಿಂಗರನು ದ್ರವವನ್ನೇ ಮಧ್ಯಸ್ಥನನ್ನಾಗಿ ನಿಲ್ಲಿಸಿದ. ಹಡಗುಗಳ ಉಗಿ ಟರ್ಬೈನಿಗಾಗಿ ಆತ 1905ರಲ್ಲಿ ಪಡೆದ ಪೇಟೆಂಟಿನಲ್ಲಿ ಈ ವಿಧಾನದ ಬೇರಿದೆ. ಎರಡು ಮೇಜಿನ ಫ್ಯಾನುಗಳನ್ನು ಎದುರುಬದುರಾಗಿಟ್ಟು ಒಂದನ್ನು ಮಾತ್ರ ಚಾಲೂ ಮಾಡಿದರೆ, ಅದರ ಗಾಳಿ ತಗಲಿ ಇನ್ನೊಂದೂ ತಿರುಗುತ್ತದೆ. ಗಾಳಿಯ ಬದಲು ಎಣ್ಣೆ ತುಂಬಿದರೆ ದ್ರವದ ಕ್ಲಚ್ಚು ಸಿದ್ಧವಾಯಿತು. ಇಂಗ್ಲೆಂಡಿನ ಡೈಮ್ಲರ್ ಕಾರುಗಳಲ್ಲಿ ಇದು 1930ರಲ್ಲಿ ಬಂದಿತು. ಇಲ್ಲಿ ಸವೆಯುವ ಪಟ್ಟಿಯಿಲ್ಲ; ಆದರೆ ಸದಾ ಕೊಂಚ ಜಾರುತ್ತಲೇ ಇರುವುದರಿಂದ ಇಂಧನದ ಖರ್ಚು ಹೆಚ್ಚು. ಇದರ ಮುಂದಿನ ರೂಪವಾದ ಟಾರ್ಕ್ ಕನ್ವರ್ಟರಿನಲ್ಲಿ, ವೇಗ ಕೂಡಿಬಂದೊಡನೆ ಎರಡು ಬದಿಗಳನ್ನೂ ಬಿಗಿದುಬಿಡುವ ಒಂದು ಕ್ಲಚ್ಚನ್ನು ಸೇರಿಸಬೇಕಾಯಿತು. ದೂರ ತಳ್ಳಿದ ಕ್ಲಚ್ಚು ಹಿಂಬಾಗಿಲಿನಿಂದ ಮರಳಿ ಬಂದಂತಾಯಿತು.

1939ರಲ್ಲಿ ಫ್ರಾನ್ಸಿನ ಅಡಾಲ್ಫ್ ಕೆಗ್ರೆಸ್ ಎರಡು ಕ್ಲಚ್ಚುಗಳ ಯೋಜನೆಯೊಂದನ್ನು ಮಾಡಿದ. ಒಂದಕ್ಕೆ 1, 3, 5ನೆಯ ಗೇರುಗಳು. ಇನ್ನೊಂದಕ್ಕೆ 2, 4, 6. ಒಂದು ಬಿಡುತ್ತಿರುವಂತೆಯೇ ಇನ್ನೊಂದು ಹಿಡಿಯುವುದರಿಂದ ಬಲದ ಹರಿವು ಕಡಿಯುವುದಿಲ್ಲ. ಇದು ಮಾರಾಟದ ಕಾರಿಗೆ ಇಳಿದುದು 2003ರಲ್ಲಿ, ಫೋಕ್ಸ್‌ವ್ಯಾಗನ್ ಗಾಲ್ಫಿನಲ್ಲಿ. ಭಾರತದಲ್ಲಿ 2014ರ ಮಾರುತಿ ಸೆಲೆರಿಯೊ ಕಾರಿನ ಮೂಲಕ ಹರಡಿದುದು ಇನ್ನೂ ಸರಳವಾದ ಉಪಾಯ: ಕ್ಲಚ್ಚು ಹಳೆಯದೇ, ಅದನ್ನು ಬಿಡಿಸಿ ಹಿಡಿಸುವ ಎಡಗಾಲಿನ ಬದಲು ಯಂತ್ರ. ವಿದ್ಯುತ್ ಮೋಟಾರಿಗಾದರೋ ಎತ್ತಿನಂತೆ ನಿಂತಲ್ಲಿಂದಲೇ ಎಳೆಯುವ ಬಲವಿದೆ. ಬೆಂಗಳೂರಿನ ಬೀದಿಗಳಲ್ಲಿ ಸಂಚರಿಸುವ ವಿದ್ಯುತ್ ಬಸ್ಸುಗಳ ಚಾಲಕರ ಎಡಗಾಲಿಗೆ ಬಿಡುವು ದೊರೆತಿದೆ.

ಉಳಿದ ಅಸಂಖ್ಯ ಗಾಡಿಗಳಲ್ಲಿ ಕ್ಲಚ್ಚಿನ ಆಯುಸ್ಸು ಇನ್ನೂ ಚಾಲಕನ ಪಾದದಲ್ಲಿಯೇ ಇದೆ. ಏರಿನಲ್ಲಿ ದಟ್ಟಣೆಗೆ ಸಿಕ್ಕಾಗ ಹಲವರು ಬ್ರೇಕು ಹಾಕದೆ ಪೆಡಲನ್ನು ಅರ್ಧ ಒತ್ತಿ, ಗಾಡಿ ಹಿಂದೆ ಸರಿಯದಂತೆ ನಿಲ್ಲಿಸಿಕೊಳ್ಳುತ್ತಾರೆ. ಇದನ್ನು ಹಾಫ್ ಕ್ಲಚ್ ಎನ್ನುವುದು ವಾಡಿಕೆ. ಗಾಡಿ ಕದಲುವುದಿಲ್ಲವಾದ್ದರಿಂದ ಆಗ ಕ್ಲಚ್ಚಿಗೆ ಬಂದ ಶಕ್ತಿಯೆಲ್ಲವೂ ಶಾಖವೇ. ಅರ್ಧವೂ ಓಟಕ್ಕೆ ಸಲ್ಲುವುದಿಲ್ಲ. ಅಲ್ಲಿ ಬೇಕಾದುದು ಕೈಬ್ರೇಕು. ಇನ್ನು ಕೆಲವರಿಗೆ ಓಡುವಾಗಲೂ ಪೆಡಲಿನ ಮೇಲೆ ಕಾಲಿಟ್ಟಿರುವ ಅಭ್ಯಾಸ. ಆ ಹಗುರವಾದ ಭಾರವೂ ಸ್ಪ್ರಿಂಗಿನ ಹಿಡಿತವನ್ನು ಕುಂದಿಸಬಲ್ಲುದು. ಎಂಜಿನಿನ ಸದ್ದು ಏರಿದರೂ ಗಾಡಿಯ ವೇಗ ಏರದಿದ್ದರೆ, ಸುಟ್ಟ ವಾಸನೆ ಬಂದರೆ, ಪ್ಲೇಟಿನ ಕಾಲ ಮುಗಿಯಿತೆಂದೇ ತಿಳಿಯಬೇಕು.

ಇವುಗಳಿಂದ ಆಗುವುದು ಹಣದ ನಷ್ಟ. ಪ್ರಾಣಕ್ಕೇ ಎರವಾಗುವ ಅಭ್ಯಾಸ ಮತ್ತೊಂದಿದೆ. ಕ್ಲಚ್ಚು ಎಂಜಿನಿನ ಬಲವನ್ನು ಗಾಲಿಗೆ ಒಯ್ಯುವುದಷ್ಟೇ ಅಲ್ಲದೆ, ಇಳಿಜಾರಿನಲ್ಲಿ ಗಾಲಿಯ ರಭಸವನ್ನು ಎಂಜಿನಿಗೆ ತಂದು ತಡೆಯುತ್ತದೆ. ಸಕಲೇಶಪುರದಿಂದ ಶಿರಾಡಿ ಘಾಟಿಯಲ್ಲಿ ಇಳಿಯುವ ಭಾರದ ಲಾರಿಗೆ ಈ ತಡೆ ದೊಡ್ಡ ಆಸರೆ. ಡೀಸೆಲು ಉಳಿದೀತೆಂದು ಗೇರು ತಪ್ಪಿಸಿಯೋ ಕ್ಲಚ್ಚು ಒತ್ತಿಕೊಂಡೋ ಇಳಿದರೆ ಭಾರವೆಲ್ಲ ಬ್ರೇಕಿನ ಮೇಲೆ ಬೀಳುತ್ತದೆ. ಮೈಲಿಗಟ್ಟಲೆ ಒತ್ತಿದ ಬ್ರೇಕು ಕಾದು ಕೆಂಡವಾಗಿ, ತಿರುವಿನಲ್ಲಿ ಬೇಕಾದಾಗ ಹಿಡಿಯದೆ ಹೋಗಬಹುದು. ಆದಕಾರಣ ಘಾಟಿ ಇಳಿಯುವ ಮೊದಲೇ ಕೆಳಗಿನ ಗೇರಿಗೆ ಹಾಕಿ, ಪೆಡಲಿನಿಂದ ಕಾಲು ತೆಗೆಯಬೇಕು. ಏರುವಾಗ ಎಳೆದ ಎಂಜಿನು ಇಳಿಯುವಾಗ ತಡೆಯಬೇಕಾದರೆ, ನಡುವಿನ ಹಿಡಿತವನ್ನು ಬಿಡಿಸದಿರುವುದೇ ಚಾಲಕನ ಕರ್ತವ್ಯ.