ಎಲೆಗೂ ಹೂವಿಗೂ ಒಂದೇ ತೀರ್ಪು

ಕಬ್ಬು ನುರಿಸುವ ಹಂಗಾಮು ಬಂದಿತೆಂದರೆ ಜಮಖಂಡಿ, ಮುಧೋಳ, ಬೀಳಗಿಯ ರಸ್ತೆಗಳಲ್ಲಿ ಹಗಲಿರುಳೆನ್ನದೆ ಟ್ರಾಕ್ಟರುಗಳ ಸಾಲು. ಹಿಂದೆ ಎರಡೆರಡು ಟ್ರೇಲರುಗಳನ್ನು ಕಟ್ಟಿಕೊಂಡು ಬರುವ ಚಾಲಕನ ಎಚ್ಚರದ ಮೇಲೆ ಎದುರಿನವರ ಪ್ರಾಣ ನಿಂತಿರುತ್ತದೆ. ರಬಕವಿ-ಬನಹಟ್ಟಿಯಲ್ಲಿ ವಿದ್ಯುತ್ ಮಗ್ಗದ ಮುಂದೆ ನಿಂತವನು ಕ್ಷಣಕಾಲ ಮೈಮರೆತರೆ ಬೆರಳಿಗೇ ಸಂಚಕಾರ. ದುಡಿಮೆಯ ಹೊತ್ತಿನಲ್ಲಿ ಅಮಲು ಸಲ್ಲದೆಂಬುದನ್ನು ಯಾರೂ ಅಲ್ಲಗಳೆಯರು. ಅಮಲನ್ನು ಕಂಡುಹಿಡಿಯುವ ಬಗೆಯಲ್ಲಿಯೇ ತೊಡಕಿರುವುದು.

ಮದ್ಯಕ್ಕೆ ಲೆಕ್ಕವಿದೆ. 100 ಮಿಲಿಲೀಟರು ರಕ್ತದಲ್ಲಿ 30 ಮಿಲಿಗ್ರಾಮು ಮೀರಿದರೆ ಚಾಲಕನು ಅಪರಾಧಿ. ಉಸಿರೇ ಸಾಕ್ಷಿ ನುಡಿಯುತ್ತದೆ. ಮಾದಕ ದ್ರವ್ಯಗಳಿಗೆ ಮೋಟಾರು ವಾಹನ ಕಾಯಿದೆಯು ಅಂಥ ಅಂಕಿಯನ್ನು ಇಟ್ಟಿಲ್ಲ. ವಾಹನವನ್ನು ಹತೋಟಿಯಲ್ಲಿಡಲಾರದ ಸ್ಥಿತಿಯಲ್ಲಿದ್ದನೇ ಎಂದಷ್ಟೇ ಕೇಳುತ್ತದೆ. ಪ್ರಶ್ನೆ ಸರಿಯಾದುದೇ. ಆದರೆ ಉದ್ಯೋಗದಾತರು ಸಾಮಾನ್ಯವಾಗಿ ಮಾಡಿಸುವ ಮೂತ್ರಪರೀಕ್ಷೆಯು ಅದಕ್ಕೆ ಉತ್ತರ ಕೊಡಲಾರದು. ಗಾಂಜಾದ ಸತ್ವವು ಕೊಬ್ಬಿನಲ್ಲಿ ಅಡಗಿ, ಯಕೃತ್ತಿನಲ್ಲಿ ಅಮಲಿಲ್ಲದ ವಸ್ತುವಾಗಿ ಮಾರ್ಪಟ್ಟು, ಮೆಲ್ಲಮೆಲ್ಲನೆ ಹೊರಬೀಳುತ್ತದೆ. ಎಂದೋ ಒಮ್ಮೆ ಸೇವಿಸಿದವನಲ್ಲಿ ಕೆಲವು ದಿನ, ಚಟದವನಲ್ಲಿ ವಾರಗಟ್ಟಲೆ ಅದರ ಕುರುಹು ಉಳಿಯುತ್ತದೆ. ಅಮಲಾದರೋ ಕೆಲವು ಗಂಟೆಗಳಲ್ಲಿ ಇಳಿದಿರುತ್ತದೆ.

ನಮ್ಮಲ್ಲಿ ಇನ್ನೊಂದು ವಿಚಿತ್ರವೂ ಇದೆ. 1985ರ ಮಾದಕ ದ್ರವ್ಯ ಕಾಯಿದೆಯ ಪ್ರಕಾರ ಗಾಂಜಾ ಎಂದರೆ ಗಿಡದ ಹೂಬಿಟ್ಟ ತುದಿ. ತುದಿಯಿಂದ ಬೇರ್ಪಟ್ಟ ಎಲೆಯೂ ಬೀಜವೂ ಅದರಲ್ಲಿ ಸೇರವು. 2022ರ ಆಗಸ್ಟಿನಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯವು ಜಾಮೀನಿನ ಅರ್ಜಿಯೊಂದನ್ನು ವಿಚಾರಿಸುತ್ತ, ಎಲೆಯನ್ನರೆದು ಮಾಡುವ ಭಂಗಿಯು ಈ ಕಾಯಿದೆಯಡಿ ನಿಷಿದ್ಧವಲ್ಲವೆಂದು ಹೇಳಿತು. ಹಾಗೆಂದು ಭಂಗಿಗೆ ಪೂರ್ತಿ ಬಿಡುಗಡೆ ಸಿಕ್ಕಿತೆಂದಲ್ಲ. ಅಬಕಾರಿ ಕಾನೂನು ಇದ್ದೇ ಇದೆ. ಅದೇನೇ ಇರಲಿ, ನ್ಯಾಯಾಧೀಶರು ಕಂಡ ಈ ಭೇದವು ಪ್ರಯೋಗಾಲಯದ ಸೀಸೆಗೆ ಕಾಣದು. ಶಿವರಾತ್ರಿಯಂದು ಹಿರಿಯರೊಡನೆ ಒಂದು ಲೋಟ ಭಂಗಿ ಕುಡಿದ ತರುಣನಿಗೂ ಕದ್ದು ಗಾಂಜಾ ಸೇದಿದವನಿಗೂ ಒಂದೇ ವರದಿ!

ಗಾಂಜಾ ಸೇವನೆಗೆ ಅನುಮತಿ ದೊರೆತ ನಾಡುಗಳಲ್ಲಿಯೂ ಈ ಗೋಜಲು ತಪ್ಪಲಿಲ್ಲ. ಅಮೆರಿಕದ ಕೊಲರಾಡೋದಲ್ಲಿ ಅಂಗವಿಕಲನೊಬ್ಬನು ರಾಜ್ಯದ ಕಾನೂನಿಗೆ ಅನುಸಾರವಾಗಿ, ಔಷಧವೆಂದು, ಕೆಲಸದ ವೇಳೆಯ ಹೊರಗೆ ಗಾಂಜಾ ಸೇವಿಸಿ ನೌಕರಿ ಕಳೆದುಕೊಂಡನು. ಕೇಂದ್ರದ ಕಾನೂನಿನಲ್ಲಿ ನಿಷೇಧವಿದೆಯೆಂದು 2015ರಲ್ಲಿ ಅಲ್ಲಿನ ಶ್ರೇಷ್ಠ ನ್ಯಾಯಾಲಯವು ಮಾಲೀಕರ ಪಕ್ಷವನ್ನೇ ಎತ್ತಿಹಿಡಿಯಿತು. ಕ್ಯಾಲಿಫೋರ್ನಿಯಾ ಮಾತ್ರ 2024ರಿಂದ, ಹೆಚ್ಚಿನ ಉದ್ಯೋಗಗಳಲ್ಲಿ, ಅಮಲಿಲ್ಲದ ಆ ಶೇಷವನ್ನೇ ಕಾರಣ ಮಾಡಿ ಶಿಕ್ಷಿಸಕೂಡದೆಂದು ವಿಧಿಸಿತು. ಇದು ವಿವೇಕದ ಹಾದಿ.

ನಮ್ಮ ದೇಶದಲ್ಲಿ 2022ರಿಂದ ವಿಮಾನ ಚಾಲಕರಿಗೂ ಹಾರಾಟ ನಿಯಂತ್ರಕರಿಗೂ ಇಂಥ ಪರೀಕ್ಷೆ ಕಡ್ಡಾಯವಾಗಿದೆ; ಅಲ್ಲಿ ಕಟ್ಟುನಿಟ್ಟು ಅವಶ್ಯಕವೇ. ಮೊದಲ ಪರೀಕ್ಷೆಯಲ್ಲಿ ಕುರುಹು ಕಂಡರೆ ಎರಡನೆಯ ದೃಢೀಕರಣ ಪರೀಕ್ಷೆ ನಡೆಯಬೇಕೆಂಬ ನಿಯಮವೂ ಅಲ್ಲಿದೆ. ಮೇಜಿನ ಮುಂದೆ ಲೆಕ್ಕ ಬರೆಯುವವನಿಗೂ ಅದೇ ಕಟ್ಟಳೆಯನ್ನು ಹೇರಿ, ಆ ಎರಡನೆಯ ಪರೀಕ್ಷೆಯನ್ನು ಮಾತ್ರ ಕೈಬಿಡುವ ಕಚೇರಿ ಯಾವ ನ್ಯಾಯವನ್ನು ಹೇಳೀತು? ಜಮಖಂಡಿಯಿಂದಲೋ ಬನಹಟ್ಟಿಯಿಂದಲೋ ದೂರದ ನಗರದ ನೌಕರಿಗೆ ಹೊರಟ ಮಗನ ನೇಮಕಪತ್ರದಲ್ಲಿ ಇಂಥ ಪರೀಕ್ಷೆಯ ಷರತ್ತಿದ್ದರೆ, ದೃಢೀಕರಣ ಪರೀಕ್ಷೆಗೂ ತನ್ನ ಸಮಜಾಯಿಷಿಗೂ ಅವಕಾಶವುಂಟೇ ಎಂಬುದನ್ನು ರುಜು ಹಾಕುವ ಮೊದಲೇ ಕೇಳಿಕೊಳ್ಳುವುದು ಲೇಸು; ವೈದ್ಯರು ಕೊಟ್ಟ ಔಷಧಗಳ ಪಟ್ಟಿಯನ್ನೂ ಮುಂಚಿತವಾಗಿಯೇ ಒಪ್ಪಿಸತಕ್ಕದ್ದು.