ಪರನಗರದಲ್ಲಿ ಮೊದಲ ದಿನ

ಈ ವರ್ಷದ ಜೂನ್ ತಿಂಗಳಿನಲ್ಲಿ ನಮ್ಮ ಶಾಲೆಯ ಎಂಟನೆಯ ತರಗತಿಗೆ ಯಾದಗಿರಿ ಜಿಲ್ಲೆಯ ಕಡೆಯಿಂದ ಒಬ್ಬ ಹುಡುಗನು ಹೊಸದಾಗಿ ಬಂದು ಸೇರಿದನು. ತಂದೆತಾಯಿಗಳು ಕಟ್ಟಡದ ಕೆಲಸಕ್ಕೆಂದು ಮುಂಬಯಿಗೆ ಬಂದವರು. ಹುಡುಗನು ತನ್ನ ತಾಲೂಕನ್ನು ದಾಟಿದುದೇ ಅದು ಮೊದಲ ಸಲ. ಬಂದ ಮರುದಿನ ತರಗತಿಯಲ್ಲಿ ಎದ್ದು ನಿಂತು ಅವನು ಕೇಳಿದನು: "ಸರ್, ಮುಂಜಾನೆ ಈ ಮಂದಿ ಎಲ್ಲಾ ಒಂದ ದಿಕ್ಕಿಗೆ ಎಲ್ಲಿಗೆ ಹೊಂಟಾರ್ರಿ? ಅಲ್ಲಿ ಇಷ್ಟು ಮಂದಿಗೆ ಜಾಗಾ ಅದ ಏನ್ರಿ?"

ತರಗತಿಯೆಲ್ಲವೂ ಗೊಳ್ಳೆಂದು ನಕ್ಕಿತು. ಹಿಂದಿನ ಬೆಂಚಿನಿಂದ ಯಾರೋ "ಗಾಂವ್‌ವಾಲಾ" ಎಂದುದೂ ನನ್ನ ಕಿವಿಗೆ ಬಿತ್ತು. ಹುಡುಗನು ತಲೆ ತಗ್ಗಿಸಿ ಕುಳಿತನು. ಆಮೇಲೆ ಒಂದು ವಾರದವರೆಗೆ ಅವನು ಬಾಯಿ ತೆರೆಯಲಿಲ್ಲ. ನಕ್ಕವರನ್ನು ನಾನು ಗದರಿಸಬೇಕಾಗಿತ್ತು, ಆದರೆ ಗದರಿಸಲಿಲ್ಲ. ನಿಜವನ್ನೇ ಹೇಳುವುದಾದರೆ ನನ್ನ ತುಟಿಯ ಮೇಲೂ ಒಂದು ಎಳೆಯ ನಗು ಸುಳಿದುಹೋಗಿತ್ತು. ಆ ನಗುವಿನ ಲೆಕ್ಕವನ್ನು ಒಪ್ಪಿಸುವುದಕ್ಕಾಗಿಯೇ ಈ ನಾಲ್ಕು ಮಾತುಗಳನ್ನು ಬರೆಯುತ್ತಿದ್ದೇನೆ.

ಅಪರಿಚಿತವಾದ ಮಹಾನಗರದಲ್ಲಿ ಮನುಷ್ಯನು ಕಳೆಯುವ ಮೊದಲ ದಿನವು ನಗೆಪಾಟಲಿನ ದಿನವೆಂದು ನಾವೆಲ್ಲರೂ ಭಾವಿಸಿದ್ದೇವೆ. ಕೆಲವು ದಿನಗಳಾದ ಮೇಲೆ ಅವನು 'ಪಳಗುತ್ತಾನೆ', ಆಗ ಸರಿಹೋಗುತ್ತಾನೆ ಎನ್ನುತ್ತೇವೆ. ನನ್ನ ಅಭಿಪ್ರಾಯವು ಇದಕ್ಕೆ ವಿರುದ್ಧವಾಗಿದೆ. ಆ ಒಂದು ದಿನದಲ್ಲಿ ಅವನಿಗೆ ಕಾಣುವಷ್ಟು ಊರು ಮುಂದೆಂದೂ ಅವನಿಗೆ ಕಾಣುವುದಿಲ್ಲ. ಪಳಗುವುದೆಂದರೆ ಬಹುಮಟ್ಟಿಗೆ ನೋಡುವುದನ್ನು ನಿಲ್ಲಿಸುವುದೇ ಆಗಿದೆ.

1888ನೆಯ ಇಸವಿಯ ಸೆಪ್ಟೆಂಬರ್ ತಿಂಗಳ ಕೊನೆಯ ಶನಿವಾರದಂದು ಲಂಡನ್ ನಗರಕ್ಕೆ ಬಂದಿಳಿದ ಹದಿನೆಂಟು ವರ್ಷದ ಒಬ್ಬ ತರುಣನ ಸಂಗತಿಯನ್ನು ಕೇಳಿರಿ. ಇದೇ ಮುಂಬಯಿಯ ಬಂದರಿನಿಂದ ಆ ತಿಂಗಳ 4ರಂದು ಅವನು ಹಡಗು ಹತ್ತಿದ್ದನು. ಹಡಗಿನಲ್ಲಿ ಕಪ್ಪು ಉಡುಪು ಧರಿಸುತ್ತಿದ್ದವನು, ನೆಲಕ್ಕೆ ಕಾಲಿಡುವಾಗ ಬಿಳಿಯ ಬಟ್ಟೆಯೇ ಶೋಭಿಸುವುದೆಂದು ಬಿಳಿಯ ಫ್ಲಾನೆಲ್ ಉಡುಪನ್ನು ಜೋಪಾನವಾಗಿ ತೆಗೆದಿರಿಸಿದ್ದನು. ಇಳಿದು ನೋಡಿದರೆ ಅಲ್ಲಿ ಚಳಿಗಾಲವು ಸಮೀಪಿಸಿದೆ; ಅಂತಹ ಬಟ್ಟೆ ತೊಟ್ಟವನು ಅವನೊಬ್ಬನೇ! ಬದಲಾಯಿಸೋಣವೆಂದರೆ ಪೆಟ್ಟಿಗೆಗಳನ್ನೂ ಬೀಗದ ಕೈಗಳನ್ನೂ ಸಾಮಾನು ಸಾಗಿಸುವ ಏಜೆಂಟರಿಗೆ ಒಪ್ಪಿಸಿಯಾಗಿತ್ತು. ಮರುದಿನವು ಭಾನುವಾರವಾದುದರಿಂದ ಅವು ಕೈಸೇರುವಂತಿರಲಿಲ್ಲ. ವಿಕ್ಟೋರಿಯಾ ಹೋಟೆಲಿನಲ್ಲಿ ಒಂದು ಸಣ್ಣ ಕೋಣೆಯ ಬಾಗಿಲನ್ನು ತೆರೆದು ಒಳಗೆ ಹೋಗೆಂದರು. ಸ್ವಲ್ಪ ಹೊತ್ತು ಕುಳಿತಿರಲು ಮಾಡಿದ ಕೋಣೆಯಿರಬೇಕೆಂದು ಅವನು ತಿಳಿದನು. ಆ ಕೋಣೆಯೇ ಅವನನ್ನು ಎರಡನೆಯ ಅಂತಸ್ತಿಗೆ ಎತ್ತಿಕೊಂಡು ಹೋಯಿತು. ಅದು ಲಿಫ್ಟು!

ರಾತ್ರಿ ಎಂಟು ಗಂಟೆಯ ಸುಮಾರಿಗೆ ಡಾಕ್ಟರ್ ಪ್ರಾಣಜೀವನ ಮೆಹ್ತಾ ಎಂಬ ಹಿರಿಯರು ನೋಡಲು ಬಂದರು. ಫ್ಲಾನೆಲ್ ಉಡುಪನ್ನು ನೋಡಿ ನಕ್ಕರು. ಮಾತಿನ ನಡುವೆ ತರುಣನು ಅವರ ಎತ್ತರವಾದ ಟೊಪ್ಪಿಗೆಯನ್ನು ಎತ್ತಿಕೊಂಡು, ಅದೆಷ್ಟು ನುಣುಪಾಗಿದೆಯೋ ನೋಡೋಣವೆಂದು ಕೈಯಾಡಿಸಿದನು. ಆದರೆ ಆಡಿಸಿದುದು ತಿರುವುಮುರುವಾಗಿ. ರೋಮವೆಲ್ಲ ಎದ್ದು ನಿಂತಿತು. ಡಾಕ್ಟರರಿಗೆ ಸಿಟ್ಟು ಬಂದಿತು. ಇತರರ ವಸ್ತುಗಳನ್ನು ಮುಟ್ಟಬಾರದು, ಗಟ್ಟಿಯಾಗಿ ಮಾತನಾಡಬಾರದು, ಮಾತುಮಾತಿಗೆ 'ಸರ್' ಎನ್ನಬಾರದು, ಮೊದಲ ಪರಿಚಯದಲ್ಲಿಯೇ ನಮ್ಮ ದೇಶದಲ್ಲಿ ಕೇಳುವಂತೆ ಪ್ರಶ್ನೆಗಳನ್ನು ಕೇಳಬಾರದು ಎಂದು ಉಪದೇಶ ಮಾಡಿದರು. ಆ ತರುಣನು ಯಾರೆಂಬುದನ್ನು ನೀವು ಆಗಲೇ ಊಹಿಸಿರುತ್ತೀರಿ. ಮಹಾತ್ಮಾ ಗಾಂಧಿಯವರು ಉಡುಪು ಮತ್ತು ಟೊಪ್ಪಿಗೆಯ ಈ ಫಜೀತಿಯನ್ನು ತಮ್ಮ ಆತ್ಮಕಥೆಯಲ್ಲಿ ತಾವೇ ಸಂಕೋಚವಿಲ್ಲದೆ ಬರೆದಿದ್ದಾರೆ. ಲಿಫ್ಟಿನ ಸಂಗತಿಯು ಅವರ ಲಂಡನ್ ದಿನಚರಿಯಲ್ಲಿದೆ. ಆ ಆರಂಭದ ರಾತ್ರಿಗಳಲ್ಲಿ ತಾಯಿಯನ್ನೂ ಮನೆಯನ್ನೂ ನೆನೆದು ಅತ್ತುದನ್ನು ಸಹ ಅವರು ಮುಚ್ಚಿಟ್ಟಿಲ್ಲ.

ಡಾಕ್ಟರ್ ಮೆಹ್ತಾ ಅವರು ಗಾಂಧೀಜಿಗೆ ಆಜೀವ ಸ್ನೇಹಿತರಾಗಿದ್ದವರು. ಅವರ ಉಪದೇಶವು ಸದುದ್ದೇಶದ್ದೇ. 'ನಿಮ್ಮ ಸಂಬಳವೆಷ್ಟು, ಮಕ್ಕಳೆಷ್ಟು' ಎಂದು ಕೇಳಬೇಡವೆಂಬುದು ಅವರ ಇಂಗಿತವಾಗಿರಬೇಕು. ಆದರೆ ಹೊಸಬನಿಗೆ 'ಕೇಳಬೇಡ' ಎಂದು ಹೇಳುವವರು ಎಲ್ಲಿ ನಿಲ್ಲಿಸಬೇಕೆಂಬುದನ್ನು ಹೇಳುವುದಿಲ್ಲ. ಅದೃಷ್ಟವಶಾತ್ ಆ ತರುಣನು ಕೇಳುವುದನ್ನು ಬಿಡಲಿಲ್ಲ. ಮಾಂಸ ಮುಟ್ಟುವುದಿಲ್ಲವೆಂದು ತಾಯಿಗೆ ಮಾತು ಕೊಟ್ಟಿದ್ದವನು ಹಸಿವಿನಿಂದ ಬಳಲುತ್ತಿದ್ದನು. ಈ ಊರಿನಲ್ಲಿ ಸಸ್ಯಾಹಾರದ ಭೋಜನಾಲಯಗಳಿವೆಯೆಂದು ಮನೆಯೊಡತಿಯಿಂದ ತಿಳಿದ ಮೇಲೆ ದಿನಕ್ಕೆ ಹತ್ತು ಹನ್ನೆರಡು ಮೈಲಿ ನಡೆದು ನಡೆದು, ಕಡೆಗೆ ಫ್ಯಾರಿಂಗ್ಡನ್ ಬೀದಿಯಲ್ಲಿ ಅಂತಹದೊಂದನ್ನು ಕಂಡುಹಿಡಿದನು. ಅಲ್ಲಿಯ ಕಿಟಕಿಯಲ್ಲಿ ಮಾರಾಟಕ್ಕಿಟ್ಟಿದ್ದ ಹೆನ್ರಿ ಸಾಲ್ಟ್ ಅವರ ಪುಸ್ತಕವನ್ನು ಒಂದು ಶಿಲಿಂಗ್ ಕೊಟ್ಟು ಕೊಂಡನು. ತಾಯಿಗೆ ಕೊಟ್ಟ ಮಾತಾಗಿದ್ದುದು ಆ ಪುಸ್ತಕದಿಂದ ಅವನ ಸ್ವಂತ ನಂಬಿಕೆಯಾಯಿತು. ಗಾಡಿಯಲ್ಲಿ ಕುಳಿತು ಊರು ನೋಡಿದ್ದರೆ ಆ ಕಿಟಕಿಯು ಕಾಣುತ್ತಿತ್ತೇ?

ಇನ್ನು ನಮ್ಮ ನಾಡಿಗೇ ಬಂದ ಪರದೇಶಿಯೊಬ್ಬನನ್ನು ನೋಡೋಣ. ಹೀರಾತಿನ ಅರಸನಾದ ಶಾರುಖನ ರಾಯಭಾರಿ ಅಬ್ದುಲ್ ರಜಾಕನು 1443ರಲ್ಲಿ ವಿಜಯನಗರಕ್ಕೆ ಬಂದನು. ಆಗ ಎರಡನೆಯ ದೇವರಾಯನು ಆಳುತ್ತಿದ್ದನು. ಅರಮನೆ, ಆನೆ, ಮಹಾನವಮಿಯ ವೈಭವ ಎಲ್ಲವನ್ನೂ ಅವನು ವರ್ಣಿಸಿದ್ದಾನೆ. ಅದು ರಾಯಭಾರಿಯ ಕರ್ತವ್ಯವೇ ಸರಿ. ನನಗೆ ಮೆಚ್ಚುಗೆಯಾಗುವುದು ಅವನು ಗಮನಿಸಿದ ಸಣ್ಣ ಸಂಗತಿಗಳು. ಒಂದರೊಳಗೊಂದು ಏಳು ಕೋಟೆಗಳನ್ನು ಎಣಿಸಿ, ಹೊರಗಿನ ಸುತ್ತುಗಳಲ್ಲಿ ಹೊಲತೋಟಗಳೂ ಒಳಗಿನ ಸುತ್ತುಗಳಲ್ಲಿ ಅಂಗಡಿಬೀದಿಗಳೂ ಇರುವುದನ್ನು ಅವನು ಕಂಡನು. ಮುತ್ತುರತ್ನಗಳನ್ನು ಬಹಿರಂಗವಾಗಿ ಬಜಾರಿನಲ್ಲಿಯೇ ಮಾರುತ್ತಿದ್ದರು. ಗುಲಾಬಿ ಹೂವಂತೂ ಎಲ್ಲೆಲ್ಲಿಯೂ ಮಾರಾಟಕ್ಕಿತ್ತು. ಇಲ್ಲಿಯ ಜನರಿಗೆ ಅದು ಅನ್ನದಷ್ಟೇ ಅವಶ್ಯವೆಂದು ಅವನಿಗೆ ತೋರಿತು. ಕಚೇರಿಯ ಕರಣಿಕರು ಎರಡು ರೀತಿಯಲ್ಲಿ ಬರೆಯುವುದನ್ನೂ ಅವನು ನಿಂತು ನೋಡಿದನು: ಒಂದು, ಗರಿಯ ಮೇಲೆ ಕಬ್ಬಿಣದ ಕಂಟದಿಂದ, ಇನ್ನೊಂದು, ಕರಿದು ಮಾಡಿದ ಹಾಳೆಯ ಮೇಲೆ ಮೆದುವಾದ ಬಿಳಿಕಲ್ಲಿನಿಂದ. ಈ ಎರಡನೆಯದೇ ನಮ್ಮ ಕಡತ. ಬರೆಯುವ ಕಲ್ಲು ಬಳಪ. ಇಂದಿಗೂ ಸರಕಾರಿ ಕಚೇರಿಯ ಫೈಲನ್ನು ನಾವು ಕಡತವೆಂದೇ ಕರೆಯುತ್ತೇವೆ. ಅಲ್ಲಿಯೇ ಹುಟ್ಟಿ ಬೆಳೆದ ಕರಣಿಕನಿಗೆ ಅದರಲ್ಲಿ ವಿಶೇಷವೇನಿತ್ತು? ದಿನವೂ ಮಾಡುವ ಕೆಲಸ. ಹೊರಗಿನವನೊಬ್ಬನು ಬಾಗಿಲಲ್ಲಿ ನಿಂತು ಬೆರಗಾದುದರಿಂದ ಅದು ಪರಸೀಕ ಭಾಷೆಯ ಚರಿತ್ರೆಯಲ್ಲಿ ಉಳಿಯಿತು.

ಹಾಗೆಂದು ಹೊಸಬನು ಕಂಡುದೆಲ್ಲವೂ ಸತ್ಯವೆಂದು ನಾನು ವಾದಿಸುವುದಿಲ್ಲ. ಲಿಫ್ಟನ್ನು ಕೋಣೆಯೆಂದು ತಿಳಿದುದು ತಪ್ಪೇ. ಇದಕ್ಕಿಂತ ಕೆಟ್ಟ ತಪ್ಪೂ ಒಂದಿದೆ: ರೈಲಿನ ನೂಕುನುಗ್ಗಲಿನಲ್ಲಿ ಒಂದು ಮೊಳಕೈ ತಗುಲಿದೊಡನೆಯೇ 'ಈ ಊರಿನ ಜನರಿಗೆ ಕರುಣೆಯಿಲ್ಲ' ಎಂದು ಮನೆಗೆ ತಿಳಿಸಿಬಿಡುವುದು. ಹದಿನೈದು ವರ್ಷಗಳ ಹಿಂದೆ ಹುಬ್ಬಳ್ಳಿಯ ಗಾಡಿಯಿಂದ ದಾದರಿನಲ್ಲಿ ಇಳಿದ ನಾನೂ ಅದನ್ನೇ ಮಾಡಿದೆನು. ಗೋರೆಗಾಂವಿನಲ್ಲಿದ್ದ ಮಾವನ ಮನೆಗೆ ಹೋಗಬೇಕಾದವನು ಸೇತುವೆ ದಾಟದೆ, ಕಂಡ ಗಾಡಿಯನ್ನು ಹತ್ತಿ ಘಾಟಕೋಪರಕ್ಕೆ ಹೋಗಿ ಇಳಿದಿದ್ದೆನು. ಅಲ್ಲಿ ನನ್ನ ಟ್ರಂಕನ್ನು ಒಂದು ಕೈಯಲ್ಲಿಯೂ ನನ್ನನ್ನು ಇನ್ನೊಂದು ಕೈಯಲ್ಲಿಯೂ ಹಿಡಿದು ಮರಳುವ ಗಾಡಿಗೆ ಹತ್ತಿಸಿದ ಮರಾಠಿ ಹಮಾಲನು ಒಂದು ಕಾಸನ್ನೂ ಕೇಳಲಿಲ್ಲ. ಆದರೂ ಆ ರಾತ್ರಿ ಫೋನಿನಲ್ಲಿ ನಾನು ತಾಯಿಗೆ ಹೇಳಿದುದು ಮೊಳಕೈಯ ಸಂಗತಿಯನ್ನೇ ಹೊರತು ಹಮಾಲನ ಸಂಗತಿಯನ್ನಲ್ಲ. ಇಂದಿಗೂ ಅದು ನನ್ನನ್ನು ಚುಚ್ಚುತ್ತದೆ. ಮೊದಲ ದಿನ ನೋಡಬೇಕು, ಕೇಳಬೇಕು. ತೀರ್ಪನ್ನು ಮಾತ್ರ ಆರು ತಿಂಗಳು ಮುಂದಕ್ಕೆ ಹಾಕಬೇಕು.

ಆಗ ನನ್ನಲ್ಲಿದ್ದುದು ಮಾತನಾಡುವ ಫೋನು, ದಾರಿ ತೋರಿಸುವ ಫೋನಲ್ಲ. ಈಗ ಆ ಅನುಕೂಲವಿದೆ, ನಾನೂ ಬಳಸುತ್ತೇನೆ. ಆದರೆ ಪರಸ್ಥಳದಲ್ಲಿ ಮೊದಲ ದಿನದ ಮಟ್ಟಿಗಾದರೂ ಅದು ಜೇಬಿನಲ್ಲಿರುವುದು ಲೇಸು. ಅದನ್ನು ಹಿಡಿದು ನಡೆಯುವವನು ಹಮಾಲನನ್ನು ಮಾತನಾಡಿಸಬೇಕಾಗುವುದಿಲ್ಲ.

ಆ ಹುಡುಗನ ಪ್ರಶ್ನೆಗೆ ಮರಳುತ್ತೇನೆ. ಒಂದು ವಾರ ಅದು ನನ್ನನ್ನು ಬಿಡಲಿಲ್ಲ. ಕಡೆಗೆ ಅದನ್ನೇ ಭೂಗೋಳದ ಪಾಠವಾಗಿ ತೆಗೆದುಕೊಂಡೆನು. ಏಳು ದ್ವೀಪಗಳ ನಡುವಣ ನೀರನ್ನು ಮಣ್ಣು ತುಂಬಿ ಮುಚ್ಚಿ ಆದ ಊರು ಇದು. ಹಳೆಯ ಕೋಟೆ, ಬಂದರು, ಬ್ಯಾಂಕುಗಳು, ಕಚೇರಿಗಳು ಎಲ್ಲವೂ ದಕ್ಷಿಣದ ತುದಿಯಲ್ಲಿ. ಅಲ್ಲಿ ಮೂರು ಕಡೆ ಸಮುದ್ರ. ಬೆಳೆಯುವುದಕ್ಕೆ ಇದ್ದ ದಿಕ್ಕು ಉತ್ತರವೊಂದೇ. 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಠಾಣೆಯವರೆಗೆ 34 ಕಿಲೋಮೀಟರು ರೈಲು ಓಡಿತು. ಮುಂದೆ ರೈಲುದಾರಿಗಳು ಬೆಳೆದಂತೆಲ್ಲ ದೂರದಲ್ಲಿ ಮಲಗಿ ತುದಿಯಲ್ಲಿ ದುಡಿಯುವುದು ಸಾಧ್ಯವಾಯಿತು. ಆದುದರಿಂದ ಮುಂಜಾನೆ ಮಂದಿ ದಕ್ಷಿಣಕ್ಕೆ, ಸಾಯಂಕಾಲ ಉತ್ತರಕ್ಕೆ. ಇಷ್ಟು ಹೇಳುವಷ್ಟರಲ್ಲಿ ಒಬ್ಬ ಹುಡುಗಿಯು ಎದ್ದು, "ಸರ್, ನಮ್ಮ ಅಪ್ಪ ಪರೇಲಿನಿಂದ ಉತ್ತರಕ್ಕೇ ಹೋಗುತ್ತಾರೆ, ಬಾಂದ್ರಾ ಕುರ್ಲಾ ಕಾಂಪ್ಲೆಕ್ಸಿಗೆ" ಎಂದಳು. ಅದೂ ಸರಿಯೇ! ನನ್ನ ಪಾಠವು ಸ್ವಲ್ಪ ಹಳೆಯದಾಗಿತ್ತು. ಇಡೀ ತಾಸು ವಾದ ನಡೆಯಿತು. ನಕ್ಕವರಲ್ಲಿ ಒಬ್ಬನಿಗೂ ಹುಟ್ಟಿದಂದಿನಿಂದ ಈ ಪ್ರಶ್ನೆಯು ತೋಚಿರಲಿಲ್ಲವೆಂಬುದನ್ನು ನಾನು ಅವರಿಗೆ ನೆನಪಿಸಿದೆನು; ನನಗೂ ತೋಚಿರಲಿಲ್ಲವೆಂಬುದನ್ನು ಸೇರಿಸಿಯೇ.

ದೀಪಾವಳಿಯ ರಜೆಯಲ್ಲಿ ಅವನು ಇನ್ನೊಂದು ಪ್ರಶ್ನೆಯನ್ನು ತಂದನು: ದಾದರಿನ ಸ್ಟೇಷನ್ನಿನ ಹೊರಗೆ ರಾಶಿರಾಶಿಯಾಗಿ ಸುರಿಯುವ ಹೂವು ಯಾವ ಹೊಲದ್ದು? ನನಗೆ ತಿಳಿದಿರಲಿಲ್ಲ. ಒಂದು ಭಾನುವಾರ ಬೆಳಕು ಹರಿಯುವ ಮುನ್ನ ನಾವು ಆರು ಮಂದಿ ಅಲ್ಲಿಗೆ ಹೋದೆವು. ಅಂದು ನಕ್ಕವರಲ್ಲಿ ಇಬ್ಬರು ತಾವಾಗಿಯೇ ಬಂದಿದ್ದರು. ಗುಲಾಬಿಯ ಕಟ್ಟುಗಳನ್ನು ಬಿಚ್ಚುತ್ತಿದ್ದ ಮುದುಕಿಯೊಬ್ಬಳ ಮುಂದೆ ಹುಡುಗನು ಕುಕ್ಕುರುಗಾಲಲ್ಲಿ ಕುಳಿತು, "ಆಯೀ, ಇವು ಯಾವ ಊರಿನ ಹೂವು?" ಎಂದು ತನ್ನ ಕನ್ನಡದಲ್ಲಿಯೇ ಕೇಳಿಬಿಟ್ಟನು. ನಾನು ಅದನ್ನು ಮರಾಠಿಯಲ್ಲಿ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಮುದುಕಿಯು, "ಪುಣೆ ಕಡೀವು ಮಗಾ, ನೀ ಯಾವ ಊರವ?" ಎಂದಳು. ಅವಳು ಅಕ್ಕಲಕೋಟೆಯವಳಂತೆ. ಇಪ್ಪತ್ತು ವರ್ಷಗಳಿಂದ ಅದೇ ಜಾಗದಲ್ಲಿ ಕುಳಿತಿದ್ದಾಳೆ. ಹದಿನೈದು ವರ್ಷಗಳಿಂದ ನಾನು ಅವಳ ಮುಂದೆಯೇ ಹಾದುಹೋಗುತ್ತಿದ್ದೇನೆ.