ಹೋದ ಹಲ್ಲಿನ ಜಾಗ ಖಾಲಿ ಬಿಡಬೇಡಿ, ಅವಸರದಲ್ಲಿ ತುಂಬಲೂ ಬೇಡಿ

ರವಿವಾರ ಪೇಟೆಯ ನನ್ನ ದವಾಖಾನೆಗೆ ಬರುವವರಲ್ಲಿ ಹಮಾಲರು, ಕಿರಾಣಿ ವ್ಯಾಪಾರಿಗಳು, ಸಾಮಾನು ಖರೀದಿಗೆಂದು ಖಾನಾಪುರ ಕಡೆಯಿಂದ ಬಂದವರೇ ಹೆಚ್ಚು. ಅವರಲ್ಲಿ ಬಹಳ ಜನರ ದೂರು ಹೊಟ್ಟೆಯದು. ಗ್ಯಾಸ್, ಹುಳಿತೇಗು, ತಿಂದದ್ದು ಕರಗುವುದಿಲ್ಲ. ನಾಡಿ ನೋಡಿ, ನಾಲಿಗೆ ನೋಡಿ, ಆಮೇಲೆ ಬಾಯಿ ಅಗಲ ತೆರೆಯಲು ಹೇಳುತ್ತೇನೆ. ಎಷ್ಟೋ ಸಲ ಉತ್ತರ ಅಲ್ಲೇ ಸಿಗುತ್ತದೆ: ಎಡಗಡೆ ಎರಡು ದವಡೆ ಹಲ್ಲಿಲ್ಲ, ಬಲಗಡೆ ಒಂದಿಲ್ಲ. ಜೋಳದ ರೊಟ್ಟಿಯನ್ನೂ ಮಾಂಸವನ್ನೂ ಅರ್ಧ ಅಗಿದು ನುಂಗುತ್ತಿದ್ದಾರೆ. ಪಚನ ಶುರುವಾಗುವುದೇ ಬಾಯಿಯಲ್ಲಿ ಎಂದು ಯುನಾನಿ ವೈದ್ಯಶಾಸ್ತ್ರ ಕಲಿಸುತ್ತದೆ. ಬಾಯಿ ಮಾಡಬೇಕಾದ ಕೆಲಸವನ್ನು ನನ್ನ ಚೂರ್ಣ ಮಾಡುವುದಿಲ್ಲ.

ಹಲ್ಲು ಕಟ್ಟಿಸಿಕೊಳ್ಳಿ ಎಂದರೆ ಬರುವ ಮಾತು ಇದು: "ಹಕೀಮ್ ಸಾಬ್, ಒಂದ್ ಹಲ್ಲ ಹೋದ್ರ ಏನಾತ್ರೀ, ಇನ್ನೂ ಇಪ್ಪತ್ತೇಳು ಅದಾವಲ್ಲ?"

ಓದುಗ ಮಿತ್ರರೇ, ಹಲ್ಲುಗಳು ಒಂದಕ್ಕೊಂದು ಆತುಕೊಂಡು ನಿಂತಿರುತ್ತವೆ. ಒಂದು ಹೋದರೆ ಪಕ್ಕದ್ದು ಮೆಲ್ಲಗೆ ಆ ಖಾಲಿ ಜಾಗಕ್ಕೆ ವಾಲುತ್ತದೆ. ಎದುರಿನ ಸಾಲಿನ ಹಲ್ಲಿಗೆ ಕಚ್ಚಲು ಜೋಡಿ ಇಲ್ಲದೆ ಅದು ಉದ್ದವಾಗಿ ಹೊರಬರುತ್ತದೆ. ವಾಲಿದ ಸಂದಿಯಲ್ಲಿ ಆಹಾರ ಸಿಕ್ಕಿ ಹುಳುಕು ಹಿಡಿಯುತ್ತದೆ. ಹಲ್ಲಿಲ್ಲದ ಕಡೆ ದವಡೆ ಎಲುಬೂ ಸವೆಯುತ್ತದೆ. ನೋವಿಲ್ಲದೆ ನಡೆಯುವ ಕೆಲಸವಾದ್ದರಿಂದ ಯಾರೂ ಗಮನಿಸುವುದಿಲ್ಲ. ನಾಲ್ಕೈದು ವರ್ಷದ ನಂತರ ಹಲ್ಲಿನ ಡಾಕ್ಟರ ಬಳಿ ಹೋದರೆ ಹೊಸ ಹಲ್ಲು ಕೂರಿಸಲು ಅಲ್ಲಿ ಸರಿಯಾದ ಜಾಗವೇ ಉಳಿದಿರುವುದಿಲ್ಲ.

ಮೊದಲು ಹೋಗುವ ಹಲ್ಲು ಬಹುತೇಕ ಯಾವುದು ಗೊತ್ತೇ? ಮಗುವಿಗೆ ಆರು ವರ್ಷವಾದಾಗ ಹಾಲುಹಲ್ಲುಗಳ ಹಿಂದೆ ಸದ್ದಿಲ್ಲದೆ ಹುಟ್ಟುವ ಮೊದಲ ದೊಡ್ಡ ದವಡೆ ಹಲ್ಲು. ಯಾವ ಹಲ್ಲೂ ಬೀಳದೆ ಅದು ಬರುವುದರಿಂದ ತಾಯಿತಂದೆ ಅದನ್ನೂ ಹಾಲುಹಲ್ಲೆಂದೇ ತಿಳಿಯುತ್ತಾರೆ. ಹುಳುಕಾದರೆ "ಬಿದ್ದು ಮತ್ತೆ ಬರುತ್ತದೆ ಬಿಡು" ಎನ್ನುತ್ತಾರೆ. ಅದು ಮತ್ತೆ ಬರುವುದಿಲ್ಲ. ನನ್ನ ಮನೆಯಲ್ಲೂ ಇದೇ ಆಯಿತು. ಹದಿನೈದು ತುಂಬುವ ಮೊದಲೇ ಕೆಳಗಿನ ಬಲ ದವಡೆ ಹಲ್ಲು ಕೀಳಿಸಬೇಕಾಯಿತು. ಮೂವತ್ತರ ಹೊತ್ತಿಗೆ ಅಲ್ಲಿ ಬ್ರಿಡ್ಜ್ ಹಾಕಿಸಿಕೊಂಡೆ. ಅದರ ಮುಂದಿನ ಕಥೆ ಆಮೇಲೆ ಹೇಳುತ್ತೇನೆ.

ಬ್ರಿಡ್ಜ್ ಎಂದರೆ ಹೆಸರೇ ಹೇಳುವಂತೆ ಸೇತುವೆ. ಖಾಲಿ ಜಾಗದ ಆಚೀಚೆಯ ಎರಡು ಹಲ್ಲುಗಳನ್ನು ಸುತ್ತಲೂ ಉಜ್ಜಿ ಸಣ್ಣದು ಮಾಡಿ, ಅಳತೆ ತೆಗೆದು, ಮೂರು ಹಲ್ಲು ಸೇರಿದ ಒಂದೇ ತುಂಡನ್ನು ಅವುಗಳ ಮೇಲೆ ಟೋಪಿಯಂತೆ ಅಂಟಿಸುತ್ತಾರೆ. ನಡುವಿನ ಹಲ್ಲಿಗೆ ಬೇರಿಲ್ಲ, ಅದರ ಭಾರವನ್ನೂ ಆ ಎರಡೇ ಹೊರಬೇಕು. ಬರೀ ಲೋಹದ್ದು, ಲೋಹದ ಮೇಲೆ ಪಿಂಗಾಣಿಯದು, ಝಿರ್ಕೋನಿಯಾದ್ದು ಎಂದು ಬಗೆಗಳಿವೆ. ಚೆನ್ನಾಗಿ ನೋಡಿಕೊಂಡರೆ ಹತ್ತು ಹದಿನೈದು ವರ್ಷ ಬಾಳುತ್ತದೆ. ತೆಗೆದು ಹಾಕುವ ಸೆಟ್‌ಗಿಂತ ಅಗಿಯಲು ಇದು ಎಷ್ಟೋ ವಾಸಿ.

ಆದರೆ ಉಜ್ಜಿದ ಹಲ್ಲಿನ ಮೇಲ್ಪದರ ಮತ್ತೆ ಬೆಳೆಯುವುದಿಲ್ಲ. ಆಚೀಚೆಯ ಹಲ್ಲುಗಳು ಮೊದಲೇ ದೊಡ್ಡದಾಗಿ ಫಿಲ್ಲಿಂಗ್ ಆದವು, ರೂಟ್ ಕೆನಾಲ್ ಆದವು ಆಗಿದ್ದರೆ ಬ್ರಿಡ್ಜ್ ಒಳ್ಳೆಯ ಆಯ್ಕೆ. ಅವು ಮುತ್ತಿನಂತಿದ್ದರೆ ಎರಡು ಸಲ ಯೋಚಿಸಿ. ಎಲುಬಿನಲ್ಲಿ ಕೂರಿಸುವ ಇಂಪ್ಲಾಂಟ್‌ಗೆ ಖರ್ಚು ಜಾಸ್ತಿ, ಸಕ್ಕರೆ ಕಾಯಿಲೆ ಹತೋಟಿಯಲ್ಲಿರಬೇಕು, ಆದರೆ ಪಕ್ಕದ ಹಲ್ಲನ್ನು ಮುಟ್ಟುವುದಿಲ್ಲ. ಕಳೆದ ವರ್ಷ ಒಬ್ಬ ತಾಯಿ ಹತ್ತೊಂಬತ್ತರ ಮಗಳನ್ನು ಕರೆತಂದಿದ್ದರು. ಸ್ಕೂಟಿಯಿಂದ ಬಿದ್ದು ಮುಂದಿನ ಹಲ್ಲು ಹೋಗಿದೆ, ಹತ್ತು ದಿನದಲ್ಲಿ ವರನ ಕಡೆಯವರು ನೋಡಲು ಬರುತ್ತಾರೆ, ಅಷ್ಟರೊಳಗೆ "ಪಕ್ಕಾ ಹಲ್ಲು" ಬೇಕು. ನಾನು ಹೇಳಿದ್ದಿಷ್ಟೇ: ಸದ್ಯ ತೆಗೆದು ಹಾಕುವ ಹಲ್ಲು ಮಾಡಿಸಿ. ಗಾಯ ಮಾಗಿ ಒಸಡು ಕೂರಲು ಎರಡು ಮೂರು ತಿಂಗಳು ಬೇಕು, ಈಗಲೇ ಬ್ರಿಡ್ಜ್ ಹಾಕಿದರೆ ಒಸಡು ಇಳಿದು ಕೆಳಗೆ ಸಂದಿ ಬೀಳುತ್ತದೆ. ವರನ ಕಡೆಯವರಿಗೆ ಇದ್ದದ್ದು ಇದ್ದಂತೆ ಹೇಳಿ. ಹತ್ತು ದಿನದ ಗಡಿಬಿಡಿಗೆ ಅವಳ ಎರಡು ಗಟ್ಟಿ ಹಲ್ಲು ಉಜ್ಜುವುದು ಯಾವ ನ್ಯಾಯ? ತಾಯಿಗೆ ನನ್ನ ಮಾತು ಹಿಡಿಸಲಿಲ್ಲ, ಮುಖದಲ್ಲೇ ಕಂಡಿತು.

ಇನ್ನು ಬಜಾರಿನಲ್ಲಿ ಹತ್ತು ನಿಮಿಷದಲ್ಲಿ ಹಲ್ಲು ಕೂರಿಸಿಕೊಡುವವರು. ಪುಡಿಗೆ ದ್ರವ ಕಲಸಿ ನೇರವಾಗಿ ಒಸಡಿನ ಮೇಲೆ ಮೆತ್ತಿ, ಪಕ್ಕದ ಹಲ್ಲುಗಳಿಗೆ ತಂತಿಯಿಂದಲೋ ಅದೇ ಅಂಟಿನಿಂದಲೋ ಬಿಗಿಯುತ್ತಾರೆ. ಆ ಮಿಶ್ರಣ ಗಟ್ಟಿಯಾಗುವಾಗ ಬಿಸಿಯಾಗಿ ಒಸಡು ಸುಡುತ್ತದೆ. ಆಮೇಲೆ ಅದರಡಿ ಬ್ರಶ್ ಹೋಗಲು ದಾರಿಯೇ ಇಲ್ಲ. ಹೋದದ್ದು ಒಂದು ಹಲ್ಲು, ಅವರ ಕೈಗೆ ಸಿಕ್ಕ ಮೇಲೆ ಮೂರು. ಇದರಲ್ಲಿ ನನಗೆ ಯಾವ ದಾಕ್ಷಿಣ್ಯವೂ ಇಲ್ಲ.

ಹಲ್ಲು ಕಟ್ಟುವ ವಿದ್ಯೆ ನಮಗೆ ಹೊಸದಲ್ಲ. ಸುಮಾರು 1000ನೇ ಇಸವಿಯಲ್ಲಿ ಕುರ್ತುಬಾದ ಅಬುಲ್ ಕಾಸಿಂ ಝಹ್ರಾವಿ ತಮ್ಮ 30 ಭಾಗಗಳ 'ಅತ್ತಸ್ರೀಫ್' ಗ್ರಂಥದಲ್ಲಿ ಅಲ್ಲಾಡುವ ಹಲ್ಲನ್ನು ಚಿನ್ನದ ತಂತಿಯಿಂದ ಪಕ್ಕದ ಹಲ್ಲುಗಳಿಗೆ ಬಿಗಿಯುವುದನ್ನೂ, ಎತ್ತಿನ ಎಲುಬಿನಿಂದ ಕೆತ್ತಿದ ಹಲ್ಲನ್ನು ಕೂರಿಸುವುದನ್ನೂ ವಿವರಿಸಿದ್ದಾರೆ. ಅದಕ್ಕೂ ಮೊದಲು, ಯುದ್ಧದಲ್ಲಿ ಮೂಗು ಕಳೆದುಕೊಂಡಿದ್ದ ಅರ್ಫಜಾ(ರ) ಅವರ ಬೆಳ್ಳಿಯ ಮೂಗು ವಾಸನೆ ಬಂದಾಗ ಚಿನ್ನದ ಮೂಗು ಹಾಕಿಸಿಕೊಳ್ಳಲು ಪ್ರವಾದಿ(ಸ) ಹೇಳಿದ ಹದೀಸ್ ತಿರ್ಮಿದಿಯಲ್ಲಿದೆ. ಹಲ್ಲಿಗೆ ಚಿನ್ನ ಕಟ್ಟುವ ಕುರಿತು ವಿದ್ವಾಂಸರು ಚರ್ಚಿಸಿದ್ದು ಇದರ ಆಧಾರದಲ್ಲೇ. ಹೀಗಾಗಿ "ಬ್ರಿಡ್ಜ್ ಇದ್ದರೆ ಗುಸ್ಲ್ ಆಗುತ್ತದೆಯೇ?" ಎಂದು ಹೆದರಿ ಹಲ್ಲಿಲ್ಲದೆ ಇರಬೇಡಿ. ತೆಗೆಯಲಾಗದಂತೆ ಕೂರಿಸಿದ್ದು ಹಲ್ಲಿನಂತೆಯೇ, ತೆಗೆದು ಹಾಕುವ ಸೆಟ್ ಆದರೆ ತೆಗೆದು ಬಾಯಿ ಮುಕ್ಕಳಿಸಿ ಎಂಬುದು ಉಲಮಾಗಳಿಂದ ನಾನು ಕೇಳಿದ್ದು. ಸಂಶಯವಿದ್ದರೆ ನಿಮ್ಮ ಮಸೀದಿಯ ಇಮಾಮರನ್ನು ಕೇಳಿ, ನನ್ನನ್ನಲ್ಲ.

ಈಗ ನನ್ನ ಬ್ರಿಡ್ಜ್‌ನ ಕಥೆ. ಮಿಸ್ವಾಕ್ ಮಾಡುತ್ತೇನೆ, ನನ್ನದೇ ಸುನೂನ್ ಹಚ್ಚುತ್ತೇನೆ, ಇನ್ನೇನು ಬೇಕು ಎಂಬ ಜಂಬ ನನ್ನದು. ಮಿಸ್ವಾಕ್ ಹಲ್ಲಿನ ಮೇಲ್ಮೈಯನ್ನು ಚೆನ್ನಾಗಿಯೇ ತೊಳೆಯುತ್ತದೆ, ಆದರೆ ಬೇರಿಲ್ಲದ ಆ ನಡುವಿನ ಹಲ್ಲಿನ ಅಡಿಗೆ ಅದು ಹೋಗುವುದಿಲ್ಲ. ಹತ್ತು ವರ್ಷದ ನಂತರ ಬಾಯಲ್ಲಿ ಒಂದು ತರಹದ ಕೆಟ್ಟ ರುಚಿ ಶುರುವಾಯಿತು. ಮನೆಯಾಕೆ ಎರಡು ಸಲ ಹೇಳಿದಳು, ನಾನು ಹೊಟ್ಟೆಯ ದೋಷವೆಂದು ಔಷಧಿ ತಿಂದೆ. ಕೊನೆಗೆ ಬಿಚ್ಚಿ ನೋಡಿದಾಗ ಹಿಂದಿನ ಆಧಾರದ ಹಲ್ಲು ಒಳಗೇ ಕೊಳೆತಿತ್ತು, ಅದನ್ನೂ ಕೀಳಿಸಿದೆ. ಒಂದರ ಜಾಗದಲ್ಲಿ ಈಗ ಎರಡು ಖಾಲಿ. ಹಕೀಮನಾಗಿ ನಾಚಿಕೆಯಿಂದಲೇ ಬರೆಯುತ್ತಿದ್ದೇನೆ.

ಆದ್ದರಿಂದ ಬ್ರಿಡ್ಜ್ ಇದ್ದವರು ಪ್ರತಿ ರಾತ್ರಿ ಅದರಡಿ ಫ್ಲಾಸ್ ದಾರ ತೂರಿಸಿ ಎಳೆಯಬೇಕು. ಒಂದು ತುದಿ ಗಟ್ಟಿ ಇರುವ ದಾರ ಮೆಡಿಕಲ್ ಅಂಗಡಿಯಲ್ಲಿ ಕೇಳಿ ತನ್ನಿ, ಸಂದಿಯ ಸಣ್ಣ ಬ್ರಶ್ ಆದರೂ ನಡೆಯುತ್ತದೆ. ಮಿಶ್ರಿ ಹಚ್ಚುವ ನಮ್ಮ ತಾಯಂದಿರಿಗೂ ಅಕ್ಕಂದಿರಿಗೂ ಒಂದು ಮಾತು: ಅದು ಸುಟ್ಟ ತಂಬಾಕು, ಹಲ್ಲುಪುಡಿಯಲ್ಲ. ಒಸಡು ಇಳಿದು ಆಧಾರದ ಹಲ್ಲೇ ಅಲ್ಲಾಡುತ್ತಿದ್ದರೆ ಯಾವ ಬ್ರಿಡ್ಜೂ ನಿಲ್ಲದು. ಮೊದಲು ಮಿಶ್ರಿ ಬಿಡಿ, ಆಮೇಲೆ ಹಲ್ಲಿನ ಮಾತು.

ಖರ್ಚಿಗೆ ಹೆದರುವವರು ನೆಹರು ನಗರದ ಕೆಎಲ್ಇ ದಂತ ವೈದ್ಯಕೀಯ ಕಾಲೇಜಿಗೋ ಮರಾಠಾ ಮಂಡಳದ ದಂತ ಕಾಲೇಜಿಗೋ ಹೋಗಿ. ವಿದ್ಯಾರ್ಥಿಗಳು ಶಿಕ್ಷಕರ ಕಣ್ಣೆದುರು ಕೆಲಸ ಮಾಡುವುದರಿಂದ ಸಮಯ ಹೆಚ್ಚು ಹಿಡಿಯುತ್ತದೆ, ಹಣ ಕಡಿಮೆ. ಬಿಪಿಎಲ್ ಕಾರ್ಡ್ ಇರುವ ಹಿರಿಯರಿಗೆ ಸರಕಾರದ 'ದಂತ ಭಾಗ್ಯ' ಯೋಜನೆಯಲ್ಲಿ ಹಲ್ಲಿನ ಸೆಟ್ ಸಿಗುತ್ತದೆಯೇ ಎಂದೂ ಅಲ್ಲೇ ವಿಚಾರಿಸಿ. ಹೋಗುವಾಗ ಕಾರ್ಡ್ ಜೊತೆಗಿರಲಿ. ಖಾನಾಪುರದಿಂದ ಬರುವವರು ಬೆಳಗಿನ ಬಸ್ಸನ್ನೇ ಹಿಡಿಯಿರಿ, ಚೀಟಿ ಮಾಡಿಸುವ ಸಾಲು ಉದ್ದವಿರುತ್ತದೆ.